ಹುಲಿಗಿಂತ ಮೊದಲು ಬೆಳ್ಳಕ್ಕಿ

ಹೊಸ ಕ್ಯಾಮೆರಾ ಕೊಂಡವರು ಮೊದಲ ವಾರಾಂತ್ಯಕ್ಕೇ ಕಬಿನಿಗೋ ಬಂಡೀಪುರಕ್ಕೋ ಸಫಾರಿ ಬುಕ್ ಮಾಡಿಬಿಡುತ್ತಾರೆ. ಮನೆಯವರ ನಿರೀಕ್ಷೆಯೂ ಅದೇ. ಅಷ್ಟು ದುಡ್ಡು ಸುರಿದು ತಂದ ಮೇಲೆ ಒಂದು ಹುಲಿಯನ್ನಾದರೂ ತೋರಿಸಬೇಡವೇ? ನನ್ನನ್ನು ಕೇಳಿದರೆ, ಕಲಿಯುವವರಿಗೆ ಸಫಾರಿಯಷ್ಟು ಕೆಟ್ಟ ತರಗತಿ ಇನ್ನೊಂದಿಲ್ಲ. ಜೀಪು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಚಾಲಕ. ಎಷ್ಟು ಹೊತ್ತಿಗೆ ಒಳಹೋಗಬೇಕು, ಎಷ್ಟು ಹೊತ್ತಿಗೆ ಹೊರಬರಬೇಕು ಎಂಬುದು ಇಲಾಖೆಯ ನಿಯಮ. ಬಿಸಿಲು ಎದುರಿಗಿದೆ, ಸ್ವಲ್ಪ ಆಚೆ ಹೋಗಿ ನಿಲ್ಲೋಣ ಎನ್ನುವ ಸ್ವಾತಂತ್ರ್ಯ ನಿಮಗಿಲ್ಲ. ಹುಲಿ ಕಂಡರೂ ಕಾಣುವುದು ಅರೆನಿಮಿಷ, ಅದೂ ಲಂಟಾನಾ ಪೊದೆಯ ಹಿಂದೆ, ಪಕ್ಕದವರ ಮೊಣಕೈ ಸಂದಿಯಲ್ಲಿ. ಮನೆಗೆ ಬಂದು ಚಿತ್ರ ಹಿಗ್ಗಿಸಿ ನೋಡಿದಾಗ ಮಬ್ಬಾಗಿದ್ದರೆ, ಯಾಕೆ ಮಬ್ಬಾಯಿತೆಂದು ತಿಳಿಯಲು ಆ ಹುಲಿಯನ್ನು ಇನ್ನೊಮ್ಮೆ ನಡೆಸುವಂತಿಲ್ಲ.

ಕಲಿಯಲು ಬೇಕಾದದ್ದು ಇವತ್ತೂ ಸಿಗುವ, ನಾಳೆಯೂ ಅಲ್ಲೇ ಇರುವ ಜೀವಿ. ನಮ್ಮ ನಾಡಿನ ಮಟ್ಟಿಗೆ ಅದು ಬೆಳ್ಳಕ್ಕಿ. ಉಳುವ ಟ್ರ್ಯಾಕ್ಟರಿನ ಹಿಂದೆ, ಎಮ್ಮೆಯ ಬೆನ್ನ ಮೇಲೆ, ಕೆರೆಯ ಕೋಡಿಯಲ್ಲಿ, ನಗರದ ರಾಜಕಾಲುವೆಯ ಕೊಳಚೆಯಲ್ಲೂ ಅದಿರುತ್ತದೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯಿದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯದ ನೀರಿಗೆಂದು ಕಟ್ಟಿದ್ದು, ಈಗ ಮಾನಸಗಂಗೋತ್ರಿಯ ಮಗ್ಗುಲಲ್ಲಿ ಬೆಳಗಿನ ನಡಿಗೆಯವರ ಕೆರೆಯಾಗಿದೆ. ಹುಬ್ಬಳ್ಳಿಯವರಿಗೆ ಉಣಕಲ್ಲು, ಧಾರವಾಡದವರಿಗೆ ಕೆಲಗೇರಿ, ತುಮಕೂರಿನವರಿಗೆ ಅಮಾನಿಕೆರೆ, ಬೆಂಗಳೂರಿನ ಉತ್ತರದವರಿಗೆ ಜಕ್ಕೂರು. ಯಾವ ಊರಿನವರೂ ಟಿಕೆಟ್ ತೆಗೆಸಿ, ರೂಮು ಬುಕ್ ಮಾಡಿ ಹೋಗಬೇಕಾಗಿಲ್ಲ. ಸೈಕಲ್ಲಿದ್ದರೆ ಸಾಕು.

ಸಿಗುವುದು ಸುಲಭ, ಚಿತ್ರ ತೆಗೆಯುವುದಲ್ಲ. ಬೆಳ್ಳಕ್ಕಿಗಿಂತ ಕಟ್ಟುನಿಟ್ಟಿನ ಮೇಷ್ಟ್ರು ಹುಡುಕಿದರೂ ಸಿಗಲಾರರು. ಕಾರಣ, ಅದು ಬೆಳ್ಳಗಿದೆ.

ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರ್ ಒಂದಿದೆ. ಅದಕ್ಕೆ ಹಕ್ಕಿ ಗೊತ್ತಿಲ್ಲ, ಬಿಳುಪೂ ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಒಟ್ಟಾರೆ ಅದು ನಡುಬೂದು ಬಣ್ಣದ್ದೆಂದು ನಂಬಿಕೊಂಡೇ ಲೆಕ್ಕ ಹಾಕುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಹಿಂದಕ್ಕೆ ಕಳಿಸುವ ಬೂದು ಎಂದು ಹಳೆಯ ಕೈಪಿಡಿಗಳು ಹೇಳುತ್ತವೆ. ಕೆಮ್ಮಣ್ಣು, ಹುಲ್ಲು, ಜಿಂಕೆಯ ಮೈ ಇವೆಲ್ಲ ಹೆಚ್ಚುಕಡಿಮೆ ಈ ಲೆಕ್ಕದೊಳಗೇ ಬರುವುದರಿಂದ ಅಲ್ಲಿ ಹೊಸಬರಿಗೆ ಏನೂ ತೊಡಕು ಕಾಣುವುದಿಲ್ಲ. ಬೆಳ್ಳಕ್ಕಿಯ ಮುಂದೆ ಮಾತ್ರ ಈ ನಂಬಿಕೆ ಎರಡು ಕಡೆಯಿಂದಲೂ ಕೈಕೊಡುತ್ತದೆ. ಹಕ್ಕಿ ಹತ್ತಿರವಿದ್ದು ಚೌಕಟ್ಟಿನ ತುಂಬ ಬಿಳುಪೇ ತುಂಬಿಕೊಂಡಿದ್ದರೆ, ‘ಇಷ್ಟೊಂದು ಬೆಳಕೇ!’ ಎಂದು ಮೀಟರ್ ಬೆಚ್ಚಿ ಬೆಳಕನ್ನು ತಗ್ಗಿಸುತ್ತದೆ. ಹಕ್ಕಿ ಕೊಳೆ ಹಿಡಿದ ಪಂಚೆಯ ಬಣ್ಣಕ್ಕೆ ಇಳಿಯುತ್ತದೆ. ಅದೇ ಹಕ್ಕಿ ದೂರದಲ್ಲಿ, ಕಪ್ಪು ನೀರಿನ ನಡುವೆ ಒಂದು ಚುಕ್ಕೆಯಾಗಿ ನಿಂತಿದ್ದರೆ, ಮೀಟರ್ ನೀರಿನ ಕಪ್ಪನ್ನೇ ನೋಡಿ ಬೆಳಕನ್ನು ಹೆಚ್ಚಿಸುತ್ತದೆ. ಆಗ ಹಕ್ಕಿಯ ಮೈಯಲ್ಲಿ ಗರಿಯೇ ಇರುವುದಿಲ್ಲ, ಬರಿಯ ಸುಣ್ಣದ ಮುದ್ದೆ. ಒಂದೇ ಹಕ್ಕಿ, ಒಂದೇ ಬಿಸಿಲು, ತಿದ್ದುಪಡಿ ಮಾತ್ರ ತಲೆಕೆಳಗು. ಮೊದಲನೆಯದಕ್ಕೆ ಎಕ್ಸ್‌ಪೋಷರ್ ಗುಂಡಿಯನ್ನು ಪ್ಲಸ್ಸಿಗೆ ತಿರುಗಿಸಬೇಕು, ಎರಡನೆಯದಕ್ಕೆ ಮೈನಸ್ಸಿಗೆ. ಬೂದಾದ ಹಕ್ಕಿಯನ್ನು ಮನೆಯಲ್ಲಿ ಕಂಪ್ಯೂಟರಿನಲ್ಲಿ ಸ್ವಲ್ಪ ಬೆಳ್ಳಗೆ ಮಾಡಬಹುದು. ಸುಣ್ಣವಾದ ಹಕ್ಕಿಗೆ ಮಾತ್ರ ಗರಿ ಮರಳಿ ಬರುವುದಿಲ್ಲ, ಯಾಕೆಂದರೆ ಚಿತ್ರದಲ್ಲಿ ಆ ಜಾಗದ ಮಾಹಿತಿಯೇ ದಾಖಲಾಗಿರುವುದಿಲ್ಲ.

ಈಗಿನ ಕ್ಯಾಮೆರಾಗಳು ಬುದ್ಧಿವಂತ, ಇದನ್ನೆಲ್ಲ ತಾವೇ ನೋಡಿಕೊಳ್ಳುತ್ತವೆ ಎನ್ನುವವರಿದ್ದಾರೆ. ಎಷ್ಟೋ ಸಲ ನೋಡಿಕೊಳ್ಳುತ್ತವೆ, ನಿಜ. ಅಂಥವರು ಬೆಳಗ್ಗೆ ಎಂಟು ಗಂಟೆಯ ಬಿಸಿಲಿನಲ್ಲಿ ಕೊಳದ ಬಕವೊಂದನ್ನು ಹಿಂಬಾಲಿಸಲಿ. ಕೂತಾಗ ಅದು ಕೆಸರಿನ ಬಣ್ಣದ್ದು, ಇದೆಯೋ ಇಲ್ಲವೋ ಎಂಬಂತಿರುತ್ತದೆ. ರೆಕ್ಕೆ ಬಿಚ್ಚಿ ಹಾರಿತೋ, ಇದ್ದಕ್ಕಿದ್ದಂತೆ ಬೆಳ್ಳಂಬಿಳಿ. ಕೂತ ಹಕ್ಕಿಗೆ ಸರಿಯಾಗಿದ್ದ ಅಳತೆ ಹಾರುವ ಹಕ್ಕಿಗೆ ಹೊಂದುವುದಿಲ್ಲ. ಅದರ ರೆಕ್ಕೆಯೊಳಗೆ ಬಿಳುಪಿದೆ ಎಂಬುದನ್ನು ಹಾರುವ ಮೊದಲೇ ತಿಳಿದಿರಬೇಕಾದವರು ನೀವು. ಕ್ಯಾಮೆರಾಕ್ಕೆ ಅದು ಹಾರಿದ ಮೇಲೆ ತಿಳಿಯುತ್ತದೆ.

ಫಿಲ್ಮಿನ ಕಾಲದವರು ಮೀಟರೇ ಇಲ್ಲದೆ ಈ ಲೆಕ್ಕ ಮಾಡುತ್ತಿದ್ದರು. ಸೂರ್ಯ ಚೆನ್ನಾಗಿ ಮೇಲೇರಿದ, ಮೋಡವಿಲ್ಲದ ಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟರೆ, ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟೇ ಇರಬೇಕು. ಐಎಸ್‌ಒ 400 ಆದರೆ ಸೆಕೆಂಡಿನ 400ರಲ್ಲಿ ಒಂದು ಪಾಲು. ಅಪರ್ಚರನ್ನು ಎಫ್ 8ಕ್ಕೆ ತೆರೆದರೆ 1600ರಲ್ಲಿ ಒಂದು ಪಾಲು. ಬೆಳ್ಳಕ್ಕಿಯ ಗರಿ ಉಳಿಯಬೇಕಾದರೆ ಇನ್ನೊಂದು ಸ್ಟಾಪ್ ತಗ್ಗಿಸಿ 3200ರಲ್ಲಿ ಒಂದು ಪಾಲಿಗೆ ಹೋಗಿ. ಬಿಸಿಲು ಬದಲಾಗುವ ತನಕ ಹಕ್ಕಿ ಕಪ್ಪು ನೀರಿನ ಮುಂದಿರಲಿ, ಹಸಿರು ಜೊಂಡಿನ ಮುಂದಿರಲಿ, ಈ ಅಳತೆಯನ್ನು ಮುಟ್ಟಬೇಕಾಗಿಲ್ಲ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ತಾನೇ. ಅಪರ್ಚರ್, ಶಟರ್, ಐಎಸ್‌ಒ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ವಿವರಿಸುವ ವಿಡಿಯೊಗಳು ಬೇಕಾದಷ್ಟಿವೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಒಂದು ಬೆಳಗ್ಗೆ ಆಟೋ ಮೋಡನ್ನು ಬಿಟ್ಟು ಈ ಒಂದು ಸೂತ್ರದ ಮೇಲೆ ನಿಂತು ನೋಡಿದರೆ ಆ ವಿಡಿಯೊಗಳ ಅರ್ಧ ತಾನಾಗಿ ತಿಳಿಯುತ್ತದೆ.

ಅಮೆರಿಕದ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಹಾದುಹೋಗುವಾಗ ಚಂದ್ರ ಮೂಡುತ್ತಿದ್ದ, ಸ್ಮಶಾನದ ಶಿಲುಬೆಗಳ ಮೇಲೆ ಕಡೆಯ ಬಿಸಿಲು ಬಿದ್ದಿತ್ತು. ಕಾರು ನಿಲ್ಲಿಸಿ ಇಳಿದರೆ ಬೆಳಕಿನ ಮೀಟರ್ ಎಲ್ಲಿಟ್ಟರೋ ಸಿಗಲಿಲ್ಲ. ಹುಣ್ಣಿಮೆಯ ಹತ್ತಿರದ ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬ ಅಂಕಿ ಮಾತ್ರ ಅವರಿಗೆ ನೆನಪಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಜಗತ್ತಿನ ಅತಿ ಪ್ರಸಿದ್ಧ ನಿಸರ್ಗಚಿತ್ರಗಳಲ್ಲಿ ಅದೂ ಒಂದು. ಚಂದ್ರನ ಹೊಳಪನ್ನು ಬಾಯಿಪಾಠ ಮಾಡಿಕೊಳ್ಳುವ ಅಗತ್ಯ ನಮಗೆ ಬರಲಿಕ್ಕಿಲ್ಲ. ಆದರೆ ಬೆಳ್ಳಕ್ಕಿಯ ಬಿಳುಪು, ಕಾಗೆಯ ಕಪ್ಪು, ಒಣಹುಲ್ಲಿನ ನಡುಬಣ್ಣ ಇಷ್ಟನ್ನು ನೆನಪಿಟ್ಟುಕೊಂಡರೆ ನಮ್ಮ ಊರಿನ ಅರ್ಧ ಜೀವಿಗಳಿಗೆ ಅಳತೆ ಸಿಕ್ಕಂತೆಯೇ.

ಇನ್ನು ಬೆಳಕಿನ ಹೊತ್ತು. ಇಂಗ್ಲಿಷಿನ ಪುಸ್ತಕಗಳೆಲ್ಲ ಸೂರ್ಯ ಹುಟ್ಟಿದ ಮೇಲಿನ ಮೊದಲ ಗಂಟೆಯನ್ನು ಹೊಗಳುತ್ತವೆ. ಓರೆಯಾಗಿ ಬೀಳುವ ಹೊಂಬಿಸಿಲು, ನೀಳ ನೆರಳು ಇತ್ಯಾದಿ. ಆ ಪುಸ್ತಕ ಬರೆದವರು ಯಾವ ಅಕ್ಷಾಂಶದವರೆಂದು ಯಾರೂ ಕೇಳುವುದಿಲ್ಲ. ಲಂಡನ್ ಇರುವುದು 51 ಡಿಗ್ರಿಯ ಆಚೆ, ಮೈಸೂರು 12ರಲ್ಲಿ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಅಲ್ಲಿಯ ಸೂರ್ಯ ಮೊದಲ ಗಂಟೆಯಲ್ಲಿ ಏರುವುದು ಸುಮಾರು 9 ಡಿಗ್ರಿ. ನಮ್ಮ ಸೂರ್ಯ ಅಷ್ಟೇ ಹೊತ್ತಿಗೆ 14 ಡಿಗ್ರಿ ದಾಟಿರುತ್ತಾನೆ. ಅವನು ಓರೆಯಾಗಿ ತೆವಳುವುದಿಲ್ಲ, ನೆಟ್ಟಗೆ ಮೇಲೇಳುತ್ತಾನೆ. ಅವರ ಒಂದು ಗಂಟೆಯ ಹೊಂಬಿಸಿಲು ನಮ್ಮಲ್ಲಿ ಮುಕ್ಕಾಲು ಗಂಟೆಯೂ ಬಾಳುವುದಿಲ್ಲ. ಆರೂವರೆಗೆ ಸೂರ್ಯೋದಯ ಅಂತ ಆರೂವರೆಗೆ ಮನೆ ಬಿಟ್ಟು, ದಾರಿಯಲ್ಲಿ ಇಡ್ಲಿ ತಿಂದು ಕೆರೆ ತಲುಪುವವರಿಗೆ ಸಿಗುವುದು ಗಟ್ಟಿ ಬಿಸಿಲು ಮಾತ್ರ. ಇಡ್ಲಿ ಎಲ್ಲಿಗೂ ಹೋಗುವುದಿಲ್ಲ, ವಾಪಸು ಬರುವಾಗ ತಿನ್ನಿ. ಡಿಸೆಂಬರ್ ಜನವರಿಯಲ್ಲಿ ಕೆರೆಯ ಮೇಲೆ ಮಂಜು ಕೂರುವುದರಿಂದ ಬಿಸಿಲು ಮೆತ್ತಗಾಗಿ ಇನ್ನಷ್ಟು ಹೊತ್ತು ಸಿಗುತ್ತದೆ. ಮಳೆಗಾಲದ ಮೋಡವನ್ನು ಕಂಡು ಮನೆಯಲ್ಲೇ ಉಳಿಯುವವರೂ ಹೆಚ್ಚು. ಬಿಳಿ ಹಕ್ಕಿಗೆ ತೆಳುಮೋಡದ ಬೆಳಕೇ ಒಳ್ಳೆಯದು. ಬಿಳುಪು ಹಾರಿಹೋಗುವುದಿಲ್ಲ, ನೆರಳು ಕಪ್ಪುಗಟ್ಟುವುದಿಲ್ಲ.

ಎಲ್ಲಿ ನಿಲ್ಲಬೇಕೆಂಬುದು ಲೆನ್ಸಿಗಿಂತ ದೊಡ್ಡ ಪ್ರಶ್ನೆ, ಆದರೂ ಕ್ಯಾಮೆರಾ ಅಂಗಡಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬೆಳಗ್ಗೆ ಕೆರೆಯ ಮೂಡಣ ದಡದಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ, ಹಕ್ಕಿಯ ಮೇಲೆ ಪೂರ್ತಿ ಬೆಳಕು. ಸಂಜೆಗೆ ಪಡುವಣ ದಡ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಗಾಳಿಯ ಲೆಕ್ಕ ಹೊಳೆಯುವುದು ನಿಧಾನವಾಗಿ. ದೊಡ್ಡ ಹಕ್ಕಿಗಳು ಮೇಲೇಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗೆ ಮಾಡಿದರೆ ಮೇಲೆತ್ತುವ ಬಲ ಬೇಗ ಸಿಗುತ್ತದೆ, ವಿಮಾನ ನಿಲ್ದಾಣದಲ್ಲಿ ಪೈಲಟ್ ಪಾಲಿಸುವುದೂ ಇದೇ ನಿಯಮವನ್ನು. ನಮ್ಮಲ್ಲಿ ಚಳಿಗಾಲದ ಗಾಳಿ ಮೂಡಣ, ಈಶಾನ್ಯದ ಕಡೆಯದು. ಅಂದರೆ ಚಳಿಗಾಲದ ಬೆಳಗ್ಗೆ ಮೂಡಣ ದಡದಲ್ಲಿ ನಿಂತವರ ಬೆನ್ನಿಗೆ ಸೂರ್ಯನೂ ಇರುತ್ತಾನೆ, ಗಾಳಿಯೂ ಇರುತ್ತದೆ. ಹಕ್ಕಿ ಎದ್ದರೆ ನಿಮ್ಮತ್ತಲೇ ಮುಖ ಮಾಡಿ ಏಳುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸತೊಡಗಿದರೆ ಬೆಳಗಿನ ದಡದಲ್ಲಿ ನಿಂತವರಿಗೆ ಹಕ್ಕಿಯ ಬಾಲದ ಚಿತ್ರಗಳು ಮಾತ್ರ ಸಿಗುತ್ತವೆ. ಆಗ ಸಂಜೆ ಹೋಗಿ ಪಡುವಣ ದಡ ಹಿಡಿಯಬೇಕು. ತಿಂಗಳುಗಟ್ಟಲೆ ಬಾಲದ ಚಿತ್ರವನ್ನೇ ತೆಗೆದು ಲೆನ್ಸನ್ನು ಬೈಯುವವರನ್ನು ನೋಡಿದ್ದೇನೆ. ಕೆರೆಯ ದಡದ ಹುಲ್ಲು ಯಾವ ಕಡೆಗೆ ಬಾಗಿದೆ ಎಂದು ನೋಡಿದ್ದರೆ ಲೆನ್ಸಿಗೆ ಆ ಬೈಗುಳ ತಪ್ಪುತ್ತಿತ್ತು.

ನಿಂತಲ್ಲಿಂದ ಕೂರುವುದು ಮುಂದಿನ ಹೆಜ್ಜೆ. ಏರಿಯ ಮೇಲೆ ನಿಂತು ಕೆಳಗಿನ ಹಕ್ಕಿಯ ಚಿತ್ರ ತೆಗೆದರೆ ಹಿನ್ನೆಲೆಗೆ ಬರುವುದು ಅದರ ಕಾಲಬುಡದ ಕೆಸರು, ತೇಲುವ ಪ್ಲಾಸ್ಟಿಕ್ಕು. ಅದೇ ನೀರಿನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತರೆ ಹಿನ್ನೆಲೆ ಆಚೆ ದಡದ ಮರಗಳವರೆಗೆ ದೂರ ಸರಿದು ಹಸಿರು ಮಬ್ಬಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ. ಪ್ಯಾಂಟು ಒದ್ದೆಯಾಗುತ್ತದೆ ಅಷ್ಟೆ.

ಇಲ್ಲಿಯವರೆಗಿನದು ಬೆಳಕಿನ ಮಾತು. ಇದಾದ ಮೇಲೆ ಹಕ್ಕಿಯನ್ನು ನೋಡಬೇಕು. ಕ್ಯಾಮೆರಾ ಇಲ್ಲದೆ ನೋಡಿದರೆ ಇನ್ನೂ ಒಳ್ಳೆಯದು. ನಾವು ಸಾರಾಸಗಟಾಗಿ ಬೆಳ್ಳಕ್ಕಿ ಎಂದು ಕರೆಯುವುದರಲ್ಲಿ ನಾಲ್ಕು ಬಗೆಯವಿವೆ. ದನದ ಹಿಂದೆ ನಡೆಯುವುದು ಗೋವಕ್ಕಿ, ಮೋಟು ಕತ್ತು, ಹಳದಿ ಕೊಕ್ಕು. ನೀರಿನಲ್ಲಿ ಗಡಿಬಿಡಿಯಿಂದ ಓಡಾಡುವುದು ಕಿರು ಬೆಳ್ಳಕ್ಕಿ, ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಅಚ್ಚ ಹಳದಿ. ಇನ್ನೆರಡು ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿ. ಇವುಗಳಲ್ಲಿ ಯಾವುದು ಯಾವುದೆಂದು ಹೇಳಲು ಬಾಯಿಯ ಸೀಳು ಕಣ್ಣಿನ ಹಿಂದಕ್ಕೂ ಹೋಗಿದೆಯೇ ಎಂದು ನೋಡಬೇಕು, ಹೋಗಿದ್ದರೆ ದೊಡ್ಡದು. ಇದು ಪರೀಕ್ಷೆಗೆ ಓದುವ ವಿವರವಲ್ಲ, ಚಿತ್ರಕ್ಕೆ ಬೇಕಾದ ವಿವರ. ಕಿರು ಬೆಳ್ಳಕ್ಕಿ ಒಂದು ಕಾಲನ್ನು ಕೆಸರಿನಲ್ಲಿ ನಡುಗಿಸಿ, ಅಡಗಿದ ಮೀನು ಗಾಬರಿಯಿಂದ ಹೊರಬರುವಂತೆ ಮಾಡುತ್ತದೆ. ಆ ಹಳದಿ ಪಾದ ನಡುಗತೊಡಗಿತೆಂದರೆ ಕೊಕ್ಕು ನೀರಿಗೆ ಹೊಡೆಯುವುದು ದೂರವಿಲ್ಲ ಎಂದರ್ಥ. ಶಟರ್ ವೇಗವನ್ನು 2000ದ ಮೇಲೆ ಇಟ್ಟುಕೊಂಡು ಬೆರಳನ್ನು ಗುಂಡಿಯ ಮೇಲಿಡಬೇಕು. ದೊಡ್ಡ ಬೆಳ್ಳಕ್ಕಿ ಕಾಲಾಡಿಸುವ ಗೋಜಿಗೆ ಹೋಗುವುದು ಕಡಿಮೆ; ಬಹಳ ಹೊತ್ತು ಕದಲದೆ ನಿಂತು, ಕತ್ತನ್ನು ನಿಧಾನಕ್ಕೆ ಓರೆಯಾಗಿ ಚಾಚುತ್ತದೆ. ಯಾವ ಹಕ್ಕಿ ಎಂದು ತಿಳಿಯದವರಿಗೆ ಯಾವ ಸೂಚನೆಗೆ ಕಾಯಬೇಕೆಂದೂ ತಿಳಿಯುವುದಿಲ್ಲ. ಹಾರುವ ಮುನ್ಸೂಚನೆ ಮಾತ್ರ ಹಲವಕ್ಕೆ ಒಂದೇ: ಮೈಯನ್ನು ಮುಂದಕ್ಕೆ ಬಾಗಿಸುತ್ತವೆ, ಕತ್ತು ನೀಳವಾಗುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗುತ್ತವೆ. ಸಭ್ಯ ಪುಸ್ತಕಗಳು ಈ ಕೊನೆಯದನ್ನು ಬರೆಯುವುದಿಲ್ಲ, ಆದರೆ ಛಾಯಾಗ್ರಾಹಕರು ಅದನ್ನೇ ಕಾದು ಕೂತಿರುತ್ತಾರೆ.

ಹುಲಿಯ ಚಿತ್ರಗಳೂ ಮೊದಲು ಹೀಗೆಯೇ ಸಿಕ್ಕಿದ್ದು. ಉತ್ತರ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಕಾಡುದಾರಿಗೆ ಅಡ್ಡವಾಗಿ ತಂತಿ ಕಟ್ಟಿ, ಹುಲಿ ಅದನ್ನು ತಾಕಿದಾಗ ಫ್ಲ್ಯಾಷ್ ಹೊತ್ತಿ ಅದರ ಚಿತ್ರ ಅದೇ ತೆಗೆದುಕೊಳ್ಳುವಂತೆ ಮಾಡಿದರು. ಆ ಚಿತ್ರಗಳ ಪುಸ್ತಕ 1927ರಲ್ಲಿ ಬಂತು. ತಂತಿ ಕಟ್ಟುವುದು ಯಾರಿಗಾದರೂ ಬರುತ್ತದೆ. ಯಾವ ದಾರಿಗೆ, ಯಾವ ತಿರುವಿನಲ್ಲಿ, ಎಷ್ಟು ಎತ್ತರಕ್ಕೆ ಎಂಬುದಕ್ಕೆ ಹುಲಿಯ ಹೆಜ್ಜೆಯನ್ನು ವರ್ಷಗಟ್ಟಲೆ ಓದಿರಬೇಕು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದ್ದು ಮೂಡಿಗೆರೆಯ ತಮ್ಮ ತೋಟದಲ್ಲಿ, ಅದರ ಸುತ್ತಮುತ್ತ. ಕಾಫಿಗಿಡದ ನಡುವೆ ದಿನಾ ಕಾಣುವ ಹಕ್ಕಿಯನ್ನು ಬಿಟ್ಟು ದೂರದ ಅಭಯಾರಣ್ಯಕ್ಕೆ ಓಡುವ ಅವಸರ ಅವರಿಗಿರಲಿಲ್ಲ.

ಸಲಕರಣೆಯ ವಿಷಯಕ್ಕೆ ಬಂದರೆ ಮಾತು ಮುಗಿಯುವುದಿಲ್ಲ, ಅದಕ್ಕೇ ಬೇಗ ಮುಗಿಸುತ್ತೇನೆ. 300 ಎಂಎಂವರೆಗೆ ಹೋಗುವ ಸಾಧಾರಣ ಜೂಮ್ ಲೆನ್ಸು, ಅದಿಲ್ಲದಿದ್ದರೆ ಸೆಕೆಂಡ್‌ಹ್ಯಾಂಡ್ ಬ್ರಿಜ್ ಕ್ಯಾಮೆರಾ, ಬೆಳ್ಳಕ್ಕಿಯಿಂದ ಕಲಿಯಲು ಇಷ್ಟು ಸಾಕು. ಲಕ್ಷ ದಾಟುವ, ಎರಡು ಕಿಲೋ ತೂಗುವ ಲೆನ್ಸು ಬೇಕೋ ಬೇಡವೋ ಎಂಬುದು ಒಂದು ವರ್ಷ ಕಳೆದ ಮೇಲೆ ಕೈಯೇ ಹೇಳುತ್ತದೆ, ಬೆನ್ನೂ ಹೇಳುತ್ತದೆ. ಕೊಳ್ಳುವ ಮುಂಚೆ ಬಾಡಿಗೆಗೆ ತಂದು ನೋಡುವುದು ಜಾಣತನ. ವನ್ಯಜೀವಿ ಬರಹಕ್ಕೂ ಕಪ್ಪುಬಿಳುಪು ಚಿತ್ರಗಳಿಗೂ ಹೆಸರಾದ ಮದರಾಸಿನ ಎಂ. ಕೃಷ್ಣನ್ 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದವರು. ಅವರು ಬೇರೆ ಬೇರೆ ಕ್ಯಾಮೆರಾಗಳ ಭಾಗಗಳನ್ನು ಜೋಡಿಸಿ ಒಂದು ದೈತ್ಯ ಕ್ಯಾಮೆರಾ ಮಾಡಿಕೊಂಡು, ಅದಕ್ಕೆ ಸೂಪರ್ ಪಾಂಡರೋಸಾ ಎಂದು ಹೆಸರಿಟ್ಟಿದ್ದರು. ಅದೇ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದೂ ಕಾಡಿನ ಕಪ್ಪುಬಿಳುಪು ಚಿತ್ರಗಳಿಂದ ಹೊರನಾಡಿನಲ್ಲೂ ಹೆಸರು ಪಡೆದವರು. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕೈಯಲ್ಲಿದ್ದದ್ದೂ ಫಿಲ್ಮ್ ಕ್ಯಾಮೆರಾಗಳೇ.

ರೋಲಿಗೆ 36 ಚಿತ್ರ. ಅದು ಮುಗಿದರೆ ಬದಲಾಯಿಸಬೇಕು, ತೊಳೆಸಬೇಕು, ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಈಗ ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾದ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿದರೆ 1200 ಚಿತ್ರ. ಹಳಬರ ಹಾಗೆ ಇದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದನ್ನು ನೋಡಿದರೆ, ಅದಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ, ಅಷ್ಟೇ. ಅವಸರವಿಲ್ಲದೆ ನೋಡಿದರೆ 1200ರಲ್ಲೂ ಕಲಿಕೆಯಿದೆ. ಕೊಕ್ಕು ನೀರಿಗೆ ತಾಕುವ ಮುಂಚಿನ ಚಿತ್ರ, ತಾಕಿದ ಚಿತ್ರ, ಮೀನು ಎತ್ತಿದ ಚಿತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಹಿಂದಿನವರಿಗೆ ಅಷ್ಟು ಸುಲಭಕ್ಕೆ ಸಿಕ್ಕಿರಲಿಲ್ಲ. ತೊಂದರೆ ಬರುವುದು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಸುರಿದು ಮರೆಯುವವರಿಗೆ. ತೆಗೆದ ದಿನವೇ ಕೂತು, ಯಾವುದನ್ನು ಅಳಿಸುತ್ತೇನೆ, ಯಾಕೆ ಅಳಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಅಳಿಸುವವರು ಬೇಗ ಮುಂದೆ ಹೋಗುತ್ತಾರೆ.

ಈಗ ಸ್ವಲ್ಪ ಖಾರದ ಮಾತು. ಕೆರೆಯಲ್ಲಿ ಕೈ ಪಳಗಿದ ಮೇಲೆ ಹೊಸಬರ ಕಣ್ಣು ಹೋಗುವುದು ಗೂಡಿನ ಕಡೆಗೆ. ಹಕ್ಕಿ ಅಲ್ಲಿಗೆ ಬಂದೇ ಬರುತ್ತದೆ, ಓಡಿಹೋಗುವುದಿಲ್ಲ, ಮರಿಗೆ ಉಣಿಸುವ ಚಿತ್ರಕ್ಕೆ ಲೈಕುಗಳ ಸುರಿಮಳೆ. ನಮ್ಮ ಬಿಸಿಲಿನಲ್ಲಿ ಇದರ ಬೆಲೆ ಏನೆಂದು ಯೋಚಿಸಬೇಕು. ಬೆಳ್ಳಕ್ಕಿಯ ಗೂಡು ಕಡ್ಡಿಗಳ ಬಯಲು ತಟ್ಟೆ. ತಾಯಿಯೋ ತಂದೆಯೋ ರೆಕ್ಕೆಯ ನೆರಳು ಹಿಡಿಯದಿದ್ದರೆ ಮೈಮೇಲೆ ಗರಿ ಬಾರದ ಮರಿ ಬೇಯುತ್ತದೆ. ಮನುಷ್ಯ ಹತ್ತಿರ ಬಂದನೆಂದು ದೊಡ್ಡದು ಎದ್ದುಹೋದರೆ ಕಾಗೆ, ಹದ್ದುಗಳಿಗೆ ಅಷ್ಟೇ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯನ್ನು ಕೋವಿಗಷ್ಟೇ ನಿಲ್ಲಿಸಿಲ್ಲ. ಕಾಡುಹಕ್ಕಿಯ ಗೂಡನ್ನೋ ಮೊಟ್ಟೆಯನ್ನೋ ಕದಡುವುದನ್ನೂ, ಪ್ರಾಣಿಗೆ ಆಮಿಷ ಒಡ್ಡುವುದನ್ನೂ ಅದರೊಳಗೇ ಸೇರಿಸಿದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆ ಕರೆಸುವವರು ಕೈಯಲ್ಲಿ ಕೋವಿಯಿಲ್ಲವೆಂದು ನಿಶ್ಚಿಂತರಾಗಿರುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ನಂಬಿ ಉಣ್ಣುವುದನ್ನು ಬಿಟ್ಟು ಹೋರಾಡಲು ಬರುವುದು ಆ ಹಕ್ಕಿ.

ಗೂಡಿನ ಬದುಕನ್ನು ನೋಡಲೇಬೇಕೆನ್ನುವವರಿಗೆ ಮರ್ಯಾದೆಯ ದಾರಿಗಳಿವೆ. 1940ರಲ್ಲಿ ಸಲೀಂ ಅಲಿಯವರ ಸಲಹೆಯಿಂದ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಹಕ್ಕಿಗಳು ದೋಣಿಗೆ ಒಗ್ಗಿಕೊಂಡಿವೆ. ದೋಣಿಯಲ್ಲೇ ಕೂತು ತೆಗೆಯಬಹುದು. ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ, ಅರಳಿ, ಗೋಣಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಡಿ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ, ಹಕ್ಕಿ ತಲೆಕೆಡಿಸಿಕೊಳ್ಳುವುದಿಲ್ಲ. ಊರಿನವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಆ ನಂಬಿಕೆಯ ಮೇಲೆ ಹೊರಗಿನಿಂದ ಕ್ಯಾಮೆರಾ ಹೊತ್ತು ಹೋದವರು ಸವಾರಿ ಮಾಡದಿದ್ದರೆ ಆಯಿತು.

ಬೆಳ್ಳಕ್ಕಿ ಮತ್ತು ಕ್ಯಾಮೆರಾದ ನಂಟಿಗೆ ಒಂದು ಹಳೆಯ ಕಥೆಯೂ ಇದೆ, ಕಲಿಯುವವರು ಅದನ್ನು ಕೇಳಿರುವುದು ಅಪರೂಪ. ಸಂತಾನದ ಕಾಲಕ್ಕೆ ಬೆಳ್ಳಕ್ಕಿಯ ಬೆನ್ನ ಮೇಲೆ ಜಾಲರಿಯಂಥ ನವಿರು ಗರಿಗಳು ಮೂಡುತ್ತವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಯುರೋಪು, ಅಮೆರಿಕದ ಹೆಂಗಸರ ಟೋಪಿಗಳಿಗೆ ಆ ಗರಿ ಬೇಕಾಯಿತು. ತೂಕಕ್ಕೆ ಚಿನ್ನವನ್ನೂ ಮೀರಿದ ಬೆಲೆ. ಗರಿ ಮೂಡುವುದು ಮರಿ ಮಾಡುವ ಹೊತ್ತಿಗೇ ಆದ್ದರಿಂದ ಬೇಟೆಗಾರರು ಗೂಡುಗಳ ತೋಪಿಗೇ ನುಗ್ಗಿ ದೊಡ್ಡ ಹಕ್ಕಿಗಳನ್ನು ಹೊಡೆಯುತ್ತಿದ್ದರು. ನಮ್ಮಲ್ಲೂ ಈ ವ್ಯಾಪಾರ ಜೋರಾಗಿತ್ತು. 1902ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಗರಿಗಳ ರಫ್ತನ್ನು ನಿಷೇಧಿಸಬೇಕಾಯಿತು. 1906ರಲ್ಲಿ ಆಸ್ಟ್ರೇಲಿಯದ ಹವ್ಯಾಸಿ ಪಕ್ಷಿವೀಕ್ಷಕ ಆರ್ಥರ್ ಮ್ಯಾಟಿಂಗ್ಲಿ ಮರೀ ನದಿಯ ಸೀಮೆಯ ಜೌಗಿನಲ್ಲಿ ಬೆಳ್ಳಕ್ಕಿಗಳ ತೋಪೊಂದಕ್ಕೆ ಕ್ಯಾಮೆರಾದೊಡನೆ ಮರಳಿ ಬಂದಾಗ, ದೊಡ್ಡವು ಕೊಲೆಯಾಗಿ ಗೂಡುಗಳಲ್ಲಿ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಅವರು ತೆಗೆದ ಚಿತ್ರಗಳನ್ನು ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಘ ದೊಡ್ಡದಾಗಿ ಅಚ್ಚು ಹಾಕಿಸಿ, 1911ರಲ್ಲಿ ಹಲಗೆ ಹೊತ್ತ ಆಳುಗಳ ಮೂಲಕ ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿತು. ಟೋಪಿ ಕೊಳ್ಳುವವರು ಓಡಾಡುವ ಬೀದಿಗಳಲ್ಲೇ. ಗರಿಗಳ ಆಮದನ್ನು ತಡೆಯುವ ಕಾನೂನು ಬ್ರಿಟನ್ನಿನಲ್ಲಿ ಬರಲು 1921ರವರೆಗೆ ಕಾಯಬೇಕಾಯಿತಾದರೂ, ಆ ಚಿತ್ರಗಳನ್ನು ನೋಡಿದವರು ಮರೆಯಲಿಲ್ಲ. ಅವುಗಳಲ್ಲಿ ಹಿನ್ನೆಲೆಯ ಮಬ್ಬೂ ಇಲ್ಲ, ಹೊಂಬಿಸಿಲೂ ಇಲ್ಲ. ಎಲ್ಲಿ, ಯಾವಾಗ, ಏನಾಯಿತು ಎಂಬುದಿದೆ.

ನಮ್ಮ ಕೆರೆಯ ಚಿತ್ರಗಳಿಗೂ ಅಂಥ ಉಪಯೋಗ ಬರಬಹುದು. ಗೋವಕ್ಕಿಯ ತಲೆಗೆ, ಎದೆಗೆ ಕೇಸರಿ ಬಣ್ಣ ಏರುವುದು ನಿಮ್ಮೂರಿನಲ್ಲಿ ಯಾವ ವಾರ? ಕೆರೆಯಲ್ಲಿ ಎಷ್ಟು ಹೆಜ್ಜಾರ್ಲೆಗಳಿದ್ದವು, ಹೂಳೆತ್ತಿದ ವರ್ಷ ಎಷ್ಟಾದವು? ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಯಲ್ಲಿ ಯಾರು ಬೇಕಾದರೂ ಸೇರಬಹುದು. ಇ-ಬರ್ಡ್ ಎಂಬ ದಾಖಲೆಗೆ ಪಟ್ಟಿಯ ಜೊತೆ ಚಿತ್ರವನ್ನೂ ಹಾಕಬಹುದು. ಅಲ್ಲಿ ಚಿತ್ರ ಚೆಂದವಿದೆಯೇ ಎಂದು ಯಾರೂ ಕೇಳುವುದಿಲ್ಲ, ಹಕ್ಕಿ ಗುರುತು ಸಿಗುವಂತಿದ್ದು ದಿನಾಂಕ, ಜಾಗ ಸರಿಯಿದ್ದರೆ ಸಾಕು. ದಿನಾಂಕ ತಪ್ಪಿದ್ದರೆ ಎಷ್ಟೇ ಚೂಪಾದ ಚಿತ್ರವಾದರೂ ಈ ಕೆಲಸಕ್ಕೆ ಬಾರದು. ಪೆಟ್ಟಿಗೆಯಿಂದ ಆಗ ತಾನೇ ತೆಗೆದ ಎಷ್ಟೋ ಕ್ಯಾಮೆರಾಗಳ ಗಡಿಯಾರ ಬೇರೆ ಯಾವುದೋ ದೇಶದ ಸಮಯ ತೋರಿಸುತ್ತಿರುತ್ತದೆ. ಬೆಳಗ್ಗೆ ಕೆರೆಗೆ ಹೊರಡುವ ಮುಂಚೆ ಮೆನುವಿನಲ್ಲಿ ಅದನ್ನು ಹುಡುಕಿ ಭಾರತದ ಸಮಯಕ್ಕೆ ತಿರುಗಿಸಿಕೊಳ್ಳಿ.